ಎಕ್ಸ್‌ಕಾಮ್ ದಿನಚರಿ: ಕೈ ಪಳಗಿತೆಂಬ ಭ್ರಮೆ

ಮೂರು ವಾರಗಳ ಕಾಲ ಎಕ್ಸ್‌ಕಾಮ್ ಎಂಬ ಹಳೆಯ ಕಂಪ್ಯೂಟರ್ ಆಟವನ್ನು ಅದರ ಅತಿ ಕಠಿಣವಾದ ಸೂಪರ್‌ಹ್ಯೂಮನ್ ಮಟ್ಟದಲ್ಲಿ ಆಡಿ, ಅನ್ಯಗ್ರಹ ಜೀವಿಗಳನ್ನು ಸಲೀಸಾಗಿ ಸದೆಬಡಿಯುತ್ತಿದ್ದೇನೆಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಮೊದಲ ಕಾರ್ಯಾಚರಣೆಯೊಂದನ್ನು ಬಿಟ್ಟರೆ ಅಷ್ಟು ದಿನವೂ ಆಡಿದ್ದು ಅತಿ ಸುಲಭವಾದ ಬಿಗಿನರ್ ಮಟ್ಟವನ್ನೇ ಎಂಬುದು ನಿನ್ನೆ ರಾತ್ರಿ ಖಚಿತವಾಯಿತು.

ಇದಕ್ಕಾಗಿ ಹಳೆಯ 486 ಕಂಪ್ಯೂಟರನ್ನು ಸಜ್ಜುಗೊಳಿಸಿದ ವಿವರಗಳು ಇಲ್ಲಿ ಬೇಡ. ‘ಪರೀಕ್ಷಿಸಿಯೇ ಕೊಡುತ್ತಿದ್ದೇನೆ ಸಾರ್’ ಎಂದು ಅಂಗಡಿಯಾತ ಆಣೆಯಿಟ್ಟು ಕೊಟ್ಟ ಸೀರಿಯಲ್ ಮೌಸ್‌ನ ಹೊಟ್ಟೆಯಲ್ಲಿ ಉರುಳುವ ಗುಂಡೇ ಇರಲಿಲ್ಲ ಎಂಬುದನ್ನು ಮಾತ್ರ ದಾಖಲಿಸದೆ ಇರಲಾರೆ.

ಅನುಮಾನ ಹುಟ್ಟಿದ್ದು ರಿಯಾಕ್ಷನ್ ಫೈರ್, ಅಂದರೆ ಒಬ್ಬರ ಸರದಿಯ ನಡುವೆಯೇ ಎದುರಾಳಿ ಹಾರಿಸುವ ಗುಂಡಿನ ವಿಷಯದಲ್ಲಿ. ಸೈನಿಕನ ರಿಯಾಕ್ಷನ್ ಅಂಕವು ಆ ಸರದಿಯಲ್ಲಿ ನಡೆಯಲು, ಗುಂಡು ಹಾರಿಸಲು ಖರ್ಚಾಗುವ ಟೈಮ್ ಯೂನಿಟ್‌ಗಳಲ್ಲಿ ಉಳಿದಿರುವ ಪ್ರಮಾಣಕ್ಕೆ ತಕ್ಕಂತೆ ಕುಗ್ಗುತ್ತದೆ. 60 ಯೂನಿಟ್‌ಗಳಲ್ಲಿ 30 ಮಾತ್ರ ಉಳಿಸಿಕೊಂಡವನ 40 ಅಂಕವು 20ಕ್ಕೆ ಇಳಿಯುವುದರಿಂದ, ದಣಿದು ಬಯಲಿಗೆ ಬಂದ ನನ್ನವರ ಮೇಲೆ ಎದುರಾಳಿಗಳು ಗುಂಡಿನ ಮಳೆಗರೆಯಬೇಕಿತ್ತು. ಆದರೆ ಸೆಕ್ಟಾಯ್ಡ್ ಎಂಬ ಆ ಅನ್ಯಗ್ರಹ ಜೀವಿಗಳು ಮದುವೆಮನೆಯಲ್ಲಿ ಯಾರ ಪರಿಚಯವೂ ಇಲ್ಲದ ದೂರದ ನೆಂಟರಂತೆ ಸುಮ್ಮನೆ ನೋಡುತ್ತ ನಿಂತಿರುತ್ತಿದ್ದವು. ಮೊದಲ ಕಾರ್ಯಾಚರಣೆಯಲ್ಲಿ ಮಾತ್ರ ನನ್ನ ತಂಡ ನುಚ್ಚುನೂರಾಗಿತ್ತು. ಅದನ್ನು ಅನನುಭವದ ಫಲವೆಂದೂ ಮುಂದಿನ ಗೆಲುವುಗಳನ್ನು ಕೈ ಪಳಗಿದ್ದರ ಫಲವೆಂದೂ ಟಿಪ್ಪಣಿ ಪುಸ್ತಕದಲ್ಲಿ ಗಂಭೀರವಾಗಿಯೇ ಬರೆದುಕೊಂಡಿದ್ದೆ.

ಕಾರಣ ಬೇರೆಯೇ ಇತ್ತು. 1994ರ ಡಾಸ್ ಆವೃತ್ತಿಯಲ್ಲಿ, ಉಳಿಸಿಟ್ಟ ಆಟವನ್ನು ಮರಳಿ ತೆರೆದೊಡನೆ ಕಠಿಣತೆಯ ಮಟ್ಟವು ಸದ್ದಿಲ್ಲದೆ ಬಿಗಿನರ್‌ಗೆ ಇಳಿದುಬಿಡುತ್ತದೆ. ಆಟ ತೀರ ಸುಲಭವೆಂದು ಅಂದಿನ ಆಟಗಾರರು ದೂರಿದ್ದರಿಂದಲೇ 1995ರ ಮುಂದಿನ ಭಾಗವಾದ ಟೆರರ್ ಫ್ರಮ್ ದಿ ಡೀಪ್ ಅಷ್ಟು ನಿರ್ದಯವಾಯಿತೆಂಬುದು ಈ ವಲಯದಲ್ಲಿ ಪ್ರಸಿದ್ಧವಾದ ಕಥೆ. ಅದನ್ನು ನಾನೂ ಎಂದೋ ಓದಿದ್ದೆ. ಗೆಲ್ಲುತ್ತಿರುವವನಿಗೆ ಅಂಥದ್ದೆಲ್ಲ ನೆನಪಾಗುವುದಿಲ್ಲ.

ಎಕ್ಸ್‌ಕಾಮ್‌ನ ವಿನ್ಯಾಸಕ ಜೂಲಿಯನ್ ಗೊಲ್ಲಪ್ ಅವರೇ 1988ರಲ್ಲಿ ರೂಪಿಸಿದ ಲೇಸರ್ ಸ್ಕ್ವಾಡ್ ಆಟದಲ್ಲಿ ಈ ಸರದಿ ಕಾಳಗದ ವ್ಯವಸ್ಥೆಯ ಬೇರುಗಳಿರುವುದರಿಂದ, ಮುಂದಿನ ಸರದಿ ಅದರದ್ದು. ಅದನ್ನು ಸ್ಪೆಕ್ಟ್ರಮ್ ಎಂಬ ಹಳೆಯ ಮನೆ ಕಂಪ್ಯೂಟರ್‌ನಲ್ಲಿ ಕ್ಯಾಸೆಟ್‌ನಿಂದಲೇ ಲೋಡ್ ಮಾಡಬೇಕೆಂಬ ಹಟಕ್ಕೆ ಬಿದ್ದು ಟೇಪ್ ರೆಕಾರ್ಡರ್‌ಗೆ ರಬ್ಬರ್ ಬೆಲ್ಟ್ ಹುಡುಕುತ್ತಿದ್ದೇನೆ. ಮೌಸ್ ಕೊಟ್ಟಾತನ ಬಳಿಗಂತೂ ಹೋಗುವುದಿಲ್ಲ.

ಸದ್ಯಕ್ಕೆ, ಮೂಲ ಆಟದ ಕಡತಗಳನ್ನೇ ಬಳಸಿಕೊಂಡು ಮಟ್ಟ ಇಳಿಯುವ ಆ ದೋಷವನ್ನು ನಿವಾರಿಸುವ ಓಪನ್‌ಎಕ್ಸ್‌ಕಾಮ್ ತಂತ್ರಾಂಶವನ್ನು ಲ್ಯಾಪ್‌ಟಾಪ್‌ನಲ್ಲಿ ಹಾಕಿಕೊಂಡು, ಸೂಪರ್‌ಹ್ಯೂಮನ್ ಮಟ್ಟದಲ್ಲೇ ಹೊಸದಾಗಿ ಆರಂಭಿಸಿದೆ. ಸೈನಿಕರನ್ನು ಸಾಗಿಸುವ ಸ್ಕೈರೇಂಜರ್ ವಿಮಾನದ ತುಂಬ 14 ಮಂದಿಯನ್ನು ಕರೆದೊಯ್ದೆ. ಅದರ ಇಳಿಜಾರಿನಿಂದ ಕೆಳಗಿಳಿಯುವಷ್ಟರಲ್ಲಿ ಇಬ್ಬರು ಹೋದರು, ಹೊಗೆ ಬಾಂಬ್ ಎಸೆಯಬೇಕಾದವನು ಮೂರನೆಯವನಾದ, ಕೊನೆಗೆ ಮರಳಿದವರು ನಾಲ್ವರು. ಮೂರು ವಾರಗಳ ಮೌಲ್ಯಮಾಪನದ ಪುಟಗಳಿಗೆ ಅಡ್ಡಗೆರೆ ಎಳೆದಿದ್ದೇನೆ. ಆ ಮೊದಲ ಕಾರ್ಯಾಚರಣೆಯ ಅರ್ಧ ಪುಟವನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದೇನೆ.