ಮಾಯ್ ಅಂದರೆ ನೀರು

ನರ್ಸಿಂಗ್ ಎರಡನೇ ವರ್ಷ ವಾರ್ಡ್ ಪೋಸ್ಟಿಂಗ್ ಶುರುವಾದ ದಿನ ನಮ್ಮ ಟ್ಯೂಟರ್ ಹೇಳಿದ ಮಾತೊಂದು ನನ್ನ ನೋಟ್ಸ್‌ನ ಮೂಲೆಯಲ್ಲಿ ಇನ್ನೂ ಇದೆ. ಪೇಷೆಂಟ್ ಹಗಲು ಯಾವ ಭಾಷೆಯಲ್ಲಿ ಬೇಕಾದರೂ ಮಾತಾಡಲಿ, ರಾತ್ರಿ ಎರಡು ಗಂಟೆಗೆ ನೀರು ಯಾವ ಭಾಷೆಯಲ್ಲಿ ಕೇಳುತ್ತಾರೋ ಅದನ್ನು ಮೊದಲು ಕಲಿಯಿರಿ ಅಂತ. ಮಂಗಳೂರಿನ ವಾರ್ಡ್ ಅಂದರೆ ಗೊತ್ತಲ್ಲ. ಒಂದು ಮಂಚದಲ್ಲಿ ತುಳು, ಪಕ್ಕದ್ದರಲ್ಲಿ ಬ್ಯಾರಿ, ಕಿಟಕಿ ಹತ್ತಿರ ಕಾಸರಗೋಡಿನ ಮಲಯಾಳ. ನೀರ್, ವೆಳ್ಳಂ, ಉದಾಕ್ ಅಂತ ನಾನು ಪಟ್ಟಿ ಮಾಡಿಕೊಂಡಿದ್ದೆ.

2012ರಲ್ಲಿ ಇಸ್ರೇಲಿಗೆ ಹೋದೆ. ನಮ್ಮ ದಕ್ಷಿಣ ಕನ್ನಡದಿಂದ, ಉಡುಪಿಯಿಂದ ಅಲ್ಲಿಗೆ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋದವರು ನಿಮ್ಮ ಬೀದಿಯಲ್ಲೂ ಒಬ್ಬರಿರುತ್ತಾರೆ. ಏಜೆಂಟನಿಗೆ ಕೊಡಲು ಮಾಡಿದ ಸಾಲದ ಕತೆ ಇಲ್ಲಿ ಬೇಡ. ಟೆಲ್ ಅವಿವ್‌ಗೆ ಅಂಟಿಕೊಂಡೇ ಇರುವ ರಾಮತ್ ಗಾನ್‌ನಲ್ಲಿ, ಮೂರನೇ ಮಹಡಿಯ ಒಂದು ಮನೆ. ಅಜ್ಜಿಗೆ 87 ವರ್ಷ. ಐದು ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು. ಎಲ್ಲರೂ ಅವರನ್ನು ಬೀಬಿ ಅಂತ ಕರೆಯುತ್ತಿದ್ದರು. ಇರಾಕಿನವರು ಅಜ್ಜಿಗೆ ಹಾಗೆ ಹೇಳುವುದು. ಆ ದೇಶದ ಪ್ರಧಾನಿ ನೆತನ್ಯಾಹು ಅವರನ್ನೂ ಜನ ಬೀಬಿ ಅಂತಲೇ ಕರೆಯುತ್ತಾರೆ. ಟಿವಿಯಲ್ಲಿ ಬೀಬಿ ಹಾಗೆ, ಬೀಬಿ ಹೀಗೆ ಅಂತ ಬೈಯುವಾಗ ಅಜ್ಜಿ ತಲೆ ಎತ್ತಿ, "ನಾನೇನು ಮಾಡಿದೆ?" ಅನ್ನುತ್ತಿದ್ದರು.

ಮೊದಲ ವಾರ ಒಂದು ರಾತ್ರಿ "ಮಾಯ್, ಮಾಯ್" ಅಂತ ಕೂಗಿದರು. ನಮ್ಮ ಮನೆಮಾತು ಕೊಂಕಣಿ, ನಮಗೆ ಮಾಯ್ ಅಂದರೆ ತಾಯಿ. ಪಾಪ, ಈ ವಯಸ್ಸಿನಲ್ಲಿ ಅಮ್ಮನನ್ನು ಕರೆಯುತ್ತಿದ್ದಾರೆ ಅಂದುಕೊಂಡು ಮಂಚದ ಮೇಲೆ ಕೂತು ಕೈ ಹಿಡಿದೆ, ತಲೆ ಸವರಿದೆ. ಅವರು ನನ್ನ ಕೈಗೆ ಒಂದು ಏಟು ಕೊಟ್ಟು ಲೋಟ ತೋರಿಸಿದರು. ಹೀಬ್ರೂವಿನಲ್ಲಿ ನೀರಿಗೆ ಮಾಯಿಮ್ ಅನ್ನುತ್ತಾರೆ, ಅದು ನನಗೆ ಬರುತ್ತಿತ್ತು. ಇದು ಬಾಗ್ದಾದಿನ ಅರಬ್ಬಿ. ಬೆಳಿಗ್ಗೆ ಎದ್ದು ಹೊಸ ನೋಟ್‌ಬುಕ್ ತೆಗೆದು ಕನ್ನಡದಲ್ಲಿ ಬರೆದೆ: ಮಾಯ್ ಅಂದರೆ ನೀರು.

ಎರಡನೇ ಪದ ಅಶ್ಲೋನಿಕ್. ಹೇಗಿದ್ದೀಯಾ ಅಂತ ಅರ್ಥ. ಪದ ಬಿಡಿಸಿದರೆ "ನಿನ್ನ ಬಣ್ಣ ಹೇಗಿದೆ?" ನರ್ಸ್ ಕೇಳುವ ಪ್ರಶ್ನೆಯೇ ಅಲ್ವಾ ಅದು?

ಬೀಬಿ ಹುಟ್ಟಿದ್ದು 1925ರಲ್ಲಿ, ಬಾಗ್ದಾದಿನಲ್ಲಿ. ಆ ಕಾಲಕ್ಕೆ ಅಲ್ಲಿ ಯೆಹೂದಿಗಳು ಬೇಕಾದಷ್ಟು ಜನ. ಎಷ್ಟೋ ತಲೆಮಾರಿನಿಂದ, ಅಲ್ಲಿ ಇಸ್ಲಾಂ ಬರುವ ಮೊದಲಿನಿಂದಲೇ ಇದ್ದವರು. ಅವರ ತಂದೆಗೆ ಶೋರ್ಜಾ ಪೇಟೆಯಲ್ಲಿ ಮಸಾಲೆ ಅಂಗಡಿ. ಬೇಸಿಗೆಯಲ್ಲಿ ಇಡೀ ಮನೆ ತಾರಸಿಯಲ್ಲಿ ಮಲಗುತ್ತಿತ್ತು. ಮೋಟು ಗೋಡೆಯ ಮೇಲೆ ಮಣ್ಣಿನ ಹೂಜಿ. ರಾತ್ರಿ ಗಾಳಿಗೆ ಅದರ ನೀರು ಎಷ್ಟು ತಣ್ಣಗಾಗುತ್ತಿತ್ತೆಂದರೆ ಹಲ್ಲು ಜುಮ್ಮೆನ್ನುತ್ತಿತ್ತಂತೆ. ಆ ಹೂಜಿಗೆ ಅವರು ಹೇಳುವ ಹೆಸರು ತುಂಗಾ. ನಾನು ನಕ್ಕುಬಿಟ್ಟೆ. ತುಂಗಾ ಪಾನ, ಗಂಗಾ ಸ್ನಾನ ಅಂತ ನಮ್ಮ ಕಡೆ ಮಾತಿದೆ, ತುಂಗಾ ನಮ್ಮ ನದಿ, ಅದರ ನೀರು ಸಿಹಿ ಅಂತ ವಿವರಿಸಿದೆ. "ನೋಡು, ನಮ್ಮ ಹೂಜಿ ಅಲ್ಲಿಯವರೆಗೆ ಹೋಗಿದೆ" ಅಂದರು.

ಇನ್ನೊಂದು ಪದ ಕಲಿಯುವುದೇ ಬೇಕಿರಲಿಲ್ಲ. ಫ್ರಿಜ್ಜಿನಲ್ಲಿ ಹಳದಿ ಗೊಜ್ಜಿನ ಬಾಟಲಿ. ಮಾವಿನಕಾಯಿ, ಅರಿಸಿನ, ಮೆಂತ್ಯ. ಹೆಸರು ಅಂಬಾ! ಕೊಂಕಣಿಯವಳಿಗೆ ಇದನ್ನು ಹೇಳಿಕೊಡಬೇಕಾ? ಬೊಂಬಾಯಿಯಿಂದ ಬಸ್ರಾಕ್ಕೆ ಹಡಗಿನಲ್ಲಿ ಬರುತ್ತಿತ್ತು, ಅಪ್ಪನ ಅಂಗಡಿಯಲ್ಲಿ ಪೀಪಾಯಿಗಟ್ಟಲೆ ಇರುತ್ತಿತ್ತು ಅಂದರು. ಶನಿವಾರ ಬೆಳಿಗ್ಗೆ ಕರಿದ ಬದನೆಕಾಯಿ, ಬೆಂದು ಕಂದಾದ ಮೊಟ್ಟೆ, ಮೇಲೆ ಅಂಬಾ. ರಜೆಯಿಂದ ವಾಪಸ್ ಬರುವಾಗ ನಮ್ಮಮ್ಮನ ಮಿಡಿ ಉಪ್ಪಿನಕಾಯಿ ತಂದುಕೊಟ್ಟೆ. ಒಂದು ಮಿಡಿ ಕಚ್ಚಿ ಕಣ್ಣು ಮುಚ್ಚಿದರು. ಆಮೇಲೆ, ಉಪ್ಪು ಜಾಸ್ತಿ ಅಂದರು. ಬಾಟಲಿ ಮಾತ್ರ ಹತ್ತು ದಿನದಲ್ಲಿ ಖಾಲಿ.

ಶನಿವಾರ ಯೆಹೂದಿಗಳಿಗೆ ಕೆಲಸ ಮಾಡಬಾರದ ದಿನ, ಅವರು ದೀಪದ ಸ್ವಿಚ್ ಕೂಡ ಮುಟ್ಟುವಂತಿಲ್ಲ. ನನಗೆ ಹಾಕು ಅಂತ ಹೇಳುವಂತೆಯೂ ಇಲ್ಲ. ಸುಮ್ನೆ ಕಿಟಕಿ ಕಡೆ ನೋಡಿ, "ಇಲ್ಲಿ ಸ್ವಲ್ಪ ಕತ್ತಲೆ ಅಲ್ವಾ?" ಅನ್ನುವರು. ನಾನು ಎದ್ದು ದೀಪ ಹಾಕುವೆ. ಅವರು ಆಶ್ಚರ್ಯವಾದ ಹಾಗೆ ಮುಖ ಮಾಡುವರು. ಏಳು ವರ್ಷ ಪ್ರತಿ ಶನಿವಾರ ಈ ನಾಟಕ.

1941ರ ಜೂನ್ ತಿಂಗಳ ವಿಷಯ ಹೇಳಿದ್ದು ಒಂದೇ ಸಲ, ಬೆಂಡೆಕಾಯಿಯ ತೊಟ್ಟು ತೆಗೆಯುತ್ತಾ. ಹಬ್ಬದ ದಿನ ಗಲಭೆ ಶುರುವಾಗಿ ಎರಡು ದಿನ ನಡೆಯಿತು. ಫರ್ಹೂದ್ ಅನ್ನುತ್ತಾರೆ. ಬಾಗ್ದಾದಿನಲ್ಲಿ 150ಕ್ಕಿಂತ ಹೆಚ್ಚು ಯೆಹೂದಿಗಳು ಸತ್ತರು. ಇವರ ಮನೆಯವರನ್ನು ಪಕ್ಕದ ಮುಸ್ಲಿಂ ಹೆಂಗಸು ತನ್ನ ಅಡುಗೆಮನೆಯಲ್ಲಿ ಕೂರಿಸಿ ಬಾಗಿಲಲ್ಲಿ ತಾನು ನಿಂತಳಂತೆ. ಅಷ್ಟು ಹೇಳಿ ಬೆಂಡೆಕಾಯಿ ತೊಳೆಯಲು ಕೊಟ್ಟರು.

ಹತ್ತು ವರ್ಷ ಬಿಟ್ಟು ಊರೇ ಖಾಲಿಯಾಯಿತು. 1950ರ ಮಾರ್ಚ್‌ನಲ್ಲಿ ಇರಾಕ್ ಕಾನೂನು ತಂದಿತು. ಯೆಹೂದಿಗಳಲ್ಲಿ ಹೋಗುವವರು ಹೋಗಬಹುದು, ಪೌರತ್ವ ಬಿಡಬೇಕು. ಮರುವರ್ಷ ಹಾಗೆ ಬಿಟ್ಟವರ ಆಸ್ತಿಗೂ ಬೀಗ. 1,20,000ಕ್ಕಿಂತ ಹೆಚ್ಚು ಜನ ವಿಮಾನದಲ್ಲಿ ಇಸ್ರೇಲಿಗೆ ಹೊರಟರು. ದೊಡ್ಡವರಿಗೆ ತಲೆಗೆ 50 ದಿನಾರ್, ಒಂದು ಸೂಟ್‌ಕೇಸ್. ಬೀಬಿಗೆ 26, ಎರಡು ಮಕ್ಕಳು. ಮದುವೆಯ ರೇಷ್ಮೆ ಫ್ರಾಕ್ ಹಾಕಿಕೊಂಡು, ಕೂದಲು ಸೆಟ್ ಮಾಡಿಸಿಕೊಂಡು ಲೋದ್ ವಿಮಾನ ನಿಲ್ದಾಣದಲ್ಲಿ ಇಳಿದರು. ಹೇನು ಇರಬಹುದು ಅಂತ ಎಲ್ಲರ ತಲೆಗೂ ಡಿಡಿಟಿ ಪುಡಿ ಹೊಡೆದರು. ಫರ್ಹೂದ್ ಬಗ್ಗೆ ಮಾತಾಡುವಾಗ ನಡುಗದ ದನಿ ಈ ಪುಡಿಯ ಬಗ್ಗೆ ಹೇಳುವಾಗ ನಡುಗುತ್ತಿತ್ತು.

ಆಮೇಲೆ ಮಬರಾ. ವಲಸೆ ಬಂದವರಿಗೆ ಹಾಕಿದ್ದ ಡೇರೆಗಳ ಶಿಬಿರ. ಮಳೆಗಾಲದಲ್ಲಿ ಮಂಚದ ಕಾಲು ಕೆಸರಲ್ಲಿ ಇಳಿಯುತ್ತಿತ್ತು. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ಗಂಡ ರಸ್ತೆ ಕೆಲಸಕ್ಕೆ ಹೋದರು. ಇವರು ಬೇರೆಯವರ ಮನೆ ಒರೆಸಿದರು. ಮೂರನೇ ಮಗಳು ಹುಟ್ಟಿದ್ದು ಡೇರೆಯಲ್ಲೇ.

ರಾಮತ್ ಗಾನ್‌ಗೆ ಬಂದು ನೆಲೆ ನಿಂತರು, ಅಕ್ಕಪಕ್ಕ ಎಲ್ಲ ಬಾಗ್ದಾದಿನವರೇ. 1991ರಲ್ಲಿ ಇರಾಕಿನ ಸದ್ದಾಂ ಹಾರಿಸಿದ ಸ್ಕಡ್ ಕ್ಷಿಪಣಿಗಳು ಬಂದು ಬಿದ್ದದ್ದು ಅದೇ ಊರಿನ ಮೇಲೆ! ಗ್ಯಾಸ್ ಮಾಸ್ಕ್ ಹಾಕಿಕೊಂಡು ಕೂತು ಬೀಬಿ, "ವಿಳಾಸ ಯಾರು ಕೊಟ್ಟರು ಇವನಿಗೆ?" ಅಂದರಂತೆ.

2016ರ ಹೊತ್ತಿಗೆ ಮರೆವು ಶುರುವಾಯಿತು. ಮೊದಲು ಹೋದದ್ದು ಹೀಬ್ರೂ, ಕೊನೆಗೆ ಕಲಿತ ಭಾಷೆ. ಒಂದೊಂದೇ ಪದ ಬಿದ್ದುಹೋಗಿ ಬರೀ ಬಾಗ್ದಾದಿನ ಅರಬ್ಬಿ ಉಳಿಯಿತು. ಮೊಮ್ಮಕ್ಕಳಿಗೆ ಅದರಲ್ಲಿ ಬರುತ್ತಿದ್ದುದು ತಿಂಡಿಯ ಹೆಸರು ಮತ್ತು ಬೈಗುಳ ಮಾತ್ರ. ಡೇರೆಯಲ್ಲಿ ಹುಟ್ಟಿದ ಮಗಳಿಗೂ ಅಷ್ಟಕ್ಕಷ್ಟೇ. ಚಿಕ್ಕವಳಿದ್ದಾಗ ಬಸ್ಸಿನಲ್ಲಿ ಅಮ್ಮ ಬಾಯಿ ತೆರೆದರೆ ಆಕೆಗೆ ನಾಚಿಕೆ, ಅದು ಶತ್ರುಗಳ ಭಾಷೆ ಅಂತ ಜನ ತಿರುಗಿ ನೋಡುತ್ತಿದ್ದರು. "ಸುಮ್ನಿರು ಅಂತ ನಾನೇ ಅಮ್ಮನ ಬಾಯಿಗೆ ಕೈ ಅಡ್ಡ ಇಡುತ್ತಿದ್ದೆ" ಅಂದರು ಒಂದು ದಿನ, ಅಡುಗೆಮನೆಯಲ್ಲಿ ನಿಂತು. ಆಮೇಲೆ ನನ್ನ ಕಡೆ ತಿರುಗಿ, "ಈಗ ಏನು ಹೇಳುತ್ತಿದ್ದಾರೆ? ನೀನೇ ಹೇಳು" ಅಂದರು.

ನಾನು ಹೇಳಿದೆ. ತಾಯಿ ಮಗಳ ನಡುವೆ ನಿಂತು, ಬೆಳ್ತಂಗಡಿಯವಳು, ನೋಟ್‌ಬುಕ್ ತಿರುವಿ ಹಾಕುತ್ತಾ. ಆಗಲೇ ನಾಲ್ಕು ನೂರು ಪದ ದಾಟಿತ್ತು.

2019ರ ಜನವರಿಯಲ್ಲಿ ಹೋದರು. ಪೆಟ್ಟಿಗೆಯಿಲ್ಲ, ಬಿಳಿ ಬಟ್ಟೆಯಲ್ಲಿ ಸುತ್ತಿ ನೇರ ಮಣ್ಣಿಗೆ. ಏಳು ದಿನ ಮನೆಯವರು ನೆಲದ ಮಟ್ಟಕ್ಕೆ ಕೂರುತ್ತಾರೆ, ಜನ ಬಂದುಹೋಗುತ್ತಾರೆ. ಮೂರನೇ ದಿನ ಮರಿಮೊಮ್ಮಗ ಮಿಲಿಟರಿ ಯೂನಿಫಾರ್ಮಿನಲ್ಲೇ ಬಂದು ನನ್ನ ಪಕ್ಕ ಕೂತ. ಕೊನೆಯ ವಾರ ಬೀಬಿ ತುಂಗಾ, ತುಂಗಾ ಅನ್ನುತ್ತಿದ್ದರಲ್ಲ, ಅದು ಯಾರು, ಬಾಗ್ದಾದಿನಲ್ಲಿದ್ದ ಗೆಳತಿಯಾ ಅಂತ ಕೇಳಿದ.

ಹೂಜಿ ಅಂದೆ. ತಾರಸಿಯ ಗೋಡೆ ಮೇಲೆ ಇಡುತ್ತಿದ್ದುದು.

ಅವನು ಫೋನ್ ತೆಗೆದ. ಹೇಗೆ ಬರೆಯುವುದು ಅಂತ ಕೇಳಿದ. ಒಳಗೆ ಹೋಗಿ ನೋಟ್‌ಬುಕ್ ತಂದು ಆ ಪುಟ ತೆಗೆದು ಕೊಟ್ಟೆ. ಅವನು ಪುಸ್ತಕವನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗಿಸಿ ನೋಡಿದ. ಎಲ್ಲ ಕನ್ನಡದಲ್ಲಿತ್ತು.