ಡೇರೆಯ ಜೀವ ಇರುವುದು ಕುತ್ತಿಗೆಯಲ್ಲಿ

ರೋಹಿಣಿ ಮಳೆಯ ಹೊತ್ತಿಗೆ ಶಿರಸಿ ಸುತ್ತಿನ ನರ್ಸರಿ ಕೆಲಸದವರಿಗೆ ಪದೇ ಪದೇ ಕೇಳಿಬರುವ ಮಾತು ಒಂದಿದೆ: "ಹೋದ ವರ್ಷ ಒಯ್ದ ಡೇರೆ ಗಡ್ಡೆ ಮೇಲೇ ಬರ್ಲಿಲ್ಲ." ಡೇರೆ ಎಂದರೆ ಡೇಲಿಯಾ ಹೂವಿನ ಗಿಡ. ಆ ಗಡ್ಡೆ ಅಗೆದು ತೋರಿಸಿದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಕಾಣುತ್ತದೆ. ಒಂದೋ ಗಡ್ಡೆ ಗುಂಡಗೆ ಗಟ್ಟಿಯಾಗಿ ಇಟ್ಟ ಹಾಗೇ ಇರುತ್ತದೆ, ಮೊಳಕೆಯ ಸುಳಿವಿರುವುದಿಲ್ಲ. ಇಲ್ಲವೇ ಕೆಳಗಿನ ತುದಿ ಚೆನ್ನಾಗಿದ್ದು ಮೇಲ್ಭಾಗ ಕಂದು ಲೋಳೆಯಾಗಿರುತ್ತದೆ. ಎರಡಕ್ಕೂ ಮೂಲ ಒಂದೇ ಜಾಗ. ಗಡ್ಡೆ ಕಾಂಡಕ್ಕೆ ಕೂಡುವ ಕುತ್ತಿಗೆ.

ಬಟಾಟೆಗೆ ಮೈತುಂಬ ಕಣ್ಣು. ಎಲ್ಲಿ ಕತ್ತರಿಸಿ ನೆಟ್ಟರೂ ಒಂದು ಕಣ್ಣಾದರೂ ಚಿಗುರುತ್ತದೆ. ಡೇರೆ ಹಾಗಲ್ಲ. ಅದರ ಗಡ್ಡೆ ಎಂದರೆ ಆಹಾರ ತುಂಬಿಕೊಂಡು ದಪ್ಪಗಾದ ಬೇರು, ಅಷ್ಟೇ. ಕಣ್ಣುಗಳಿರುವುದು ಹಳೆಯ ಕಾಂಡದ ಬುಡ ಮತ್ತು ಗಡ್ಡೆಯ ಕುತ್ತಿಗೆ ಕೂಡುವ ಬೆರಳಗಲದ ಪಟ್ಟಿಯಲ್ಲಿ ಮಾತ್ರ. ಆ ಪಟ್ಟಿಯ ಚೂರು ಅಂಟಿರದ ಗಡ್ಡೆ ಅರ್ಧ ಕಿಲೋ ತೂಗಿದರೂ ಮಣ್ಣಲ್ಲಿ ಬೇರು ಬಿಡಬಹುದು, ಚಿಗುರು ಬಿಡುವುದಿಲ್ಲ. ಕಣ್ಣಿರುವ ಹೆಬ್ಬೆರಳಿನಷ್ಟು ಗಡ್ಡೆ ಸಾಕು, ಆಳೆತ್ತರದ ಗಿಡವಾಗುತ್ತದೆ. ಹಾಗಾಗಿ ಕೊಳ್ಳುವಾಗ ಗಾತ್ರ ನೋಡಿ ಆರಿಸಬೇಡಿ, ಕುತ್ತಿಗೆ ನೋಡಿ. ಬೆರಳಲ್ಲಿ ಮೆಲ್ಲಗೆ ಅಲ್ಲಾಡಿಸಿದರೆ ಗಡ್ಡೆ ಜೋತಾಡಬಾರದು. ಜೋತಾಡಿದರೆ ಒಳಗೆ ನಾರು ಮುರಿದಿದೆ ಎಂದರ್ಥ.

ಚಳಿಗಾಲದಲ್ಲಿ ತೆಗೆದಿಟ್ಟ ಗಡ್ಡೆಗಳ ಗೊಂಚಲು ಬಿಡಿಸುವ ಕೆಲಸ ಏಪ್ರಿಲ್ ಕೊನೆಯಿಂದ ಮೇ ನಡುವಿನ ತನಕ. ಇಟ್ಟಲ್ಲಿಂದ ತೆಗೆದ ಕೂಡಲೇ ಕತ್ತರಿಸಲು ಹೊರಟರೆ ಕಣ್ಣು ಕಾಣುವುದಿಲ್ಲ, ಕುರುಡು ಗಡ್ಡೆಗಳೇ ಹೆಚ್ಚು ಸಿಗುತ್ತವೆ. ಮೊದಲು ನೆರಳಲ್ಲಿ ಒದ್ದೆ ಮರಳಿನ ಮೇಲೆ, ಅಥವಾ ಹಿಂಡಿದ ಗೋಣಿಚೀಲದ ಮೇಲೆ ಗೊಂಚಲನ್ನು ಹತ್ತು ಹದಿನೈದು ದಿನ ಇಡಬೇಕು. ಕುತ್ತಿಗೆಯ ಸುತ್ತ ಗುಂಡುಸೂಜಿಯ ತಲೆಯಷ್ಟು ಕೆಂಪು ಅಥವಾ ತಿಳಿಹಸಿರು ಉಬ್ಬು ಕಾಣುತ್ತದೆ. ಆಗ ಹಳೆಯ ಕಾಂಡವನ್ನು ಮೇಲಿನಿಂದ ಕೆಳಕ್ಕೆ ಉದ್ದುದ್ದ ಸೀಳಿ, ಪ್ರತಿ ಗಡ್ಡೆಗೂ ಒಂದು ಕಣ್ಣು ಮತ್ತು ಕಾಂಡದ ಒಂದು ಚೂರು ಬರುವಂತೆ ಕತ್ತರಿಸಿ. ಚಾಕುವನ್ನು ಪ್ರತಿ ಗೊಂಚಲಿನ ನಂತರ ಸ್ಪಿರಿಟ್‌ನಲ್ಲಿ ಒರೆಸಿ, ಇಲ್ಲವೇ ಬೆಂಕಿಗೆ ಹಿಡಿಯಿರಿ. ನಂಜುರೋಗ, ಅಂದರೆ ವೈರಸ್ ರೋಗವಿರುವ ಒಂದು ಗೊಂಚಲಿನ ರಸ ಸಾಕು, ಉಳಿದವೂ ಕೆಡುತ್ತವೆ. ಕತ್ತರಿಸಿದ ಮುಖಕ್ಕೆ ಗಂಧಕದ ಪುಡಿ ಅಥವಾ ಜರಡಿ ಹಿಡಿದ ಒಲೆ ಬೂದಿ ಮೆತ್ತಿ, ಎರಡು ದಿನ ನೆರಳಲ್ಲಿ ಒಣಗಲು ಬಿಡಬೇಕು. ಮೇಲ್ಮೈ ಕಾರ್ಕಿನಂತೆ ಒರಟಾದರೆ ನೆಡಲು ಸಿದ್ಧ. ಹಸಿ ಗಾಯದೊಂದಿಗೆ ಮಣ್ಣಿಗೆ ಹೋದ ಗಡ್ಡೆ ನಮ್ಮ ಮಳೆಯಲ್ಲಿ ಉಳಿಯುವುದು ಕಷ್ಟ.

ಡೇರೆಯ ತವರು ಮೆಕ್ಸಿಕೋದ ಎತ್ತರದ ಪ್ರದೇಶ. ಮ್ಯಾಡ್ರಿಡ್‌ನ ಸಸ್ಯೋದ್ಯಾನಕ್ಕೆ ಅಲ್ಲಿಂದ ಬಂದ ಗಿಡಕ್ಕೆ ಕ್ಯಾವನಿಲೆಸ್ ಎಂಬ ಸಸ್ಯವಿಜ್ಞಾನಿ 1791ರಲ್ಲಿ ಸ್ವೀಡನ್ನಿನ ಆಂಡರ್ಸ್ ಡಾಲ್ ಅವರ ಹೆಸರಿಟ್ಟ. ಅದೇ ಡೇಲಿಯಾ, ನಮ್ಮ ಬಾಯಲ್ಲಿ ಡೇರೆ. ಆ ತವರಿನಲ್ಲೂ ಬೇಸಿಗೆಯ ಕೊನೆಯಿಂದ ಮಳೆ, ಆಮೇಲೆ ಒಣ ಚಳಿಗಾಲ, ರಾತ್ರಿ ತಂಪು. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಂಗಳಕ್ಕೆ ಡೇರೆ ಇಷ್ಟು ಒಗ್ಗಿಕೊಂಡಿರುವುದು ಅದಕ್ಕೇ. ಬೇರೆಯಾಗಿರುವುದು ಮಳೆಯ ಪ್ರಮಾಣ ಮತ್ತು ಮಣ್ಣು. ಅಲ್ಲಿ ಇಳಿಜಾರಿನ ಕಲ್ಲುಮಣ್ಣಿನಲ್ಲಿ ನೀರು ಜಾರಿ ಹೋಗುತ್ತದೆ. ಇಲ್ಲಿ ಪುನರ್ವಸು, ಪುಷ್ಯದಲ್ಲಿ ದಿನಗಟ್ಟಲೆ ಜಡಿಮಳೆ ಹೊಡೆಯುತ್ತದೆ, ಚಿರೆಕಲ್ಲಿನ ಮೇಲಿನ ಜಿಗುಟು ಮಣ್ಣು ಆ ನೀರನ್ನು ಹಿಡಿದಿಡುತ್ತದೆ.

ಅದಕ್ಕೆ ನೆಲದಲ್ಲಿ ನೆಡುವವರು ಗುಂಡಿ ತೋಡುವುದನ್ನು ಬಿಡಬೇಕು. ಗುಂಡಿ ತೋಡಿ ಗೊಬ್ಬರ ತುಂಬಿದರೆ ಅದು ಸುತ್ತಲಿನ ನೀರಿಗೆಲ್ಲ ಬಾವಿಯಾಗುತ್ತದೆ. ನೆಲದ ಮೇಲೆ ಒಂದಡಿ ಎತ್ತರ, ಎರಡಡಿ ಅಗಲದ ದಿಬ್ಬ ಮಾಡಿ, ಎರಡಡಿಗೆ ಒಂದರಂತೆ ನೆಡಿ. ಪುಸ್ತಕಗಳಲ್ಲಿ ಆರು ಇಂಚು ಆಳ ಎಂದಿರುತ್ತದೆ. ನಮ್ಮಲ್ಲಿ ಮೂರು ನಾಲ್ಕು ಇಂಚು ಸಾಕು. ಗಡ್ಡೆಯನ್ನು ಅಡ್ಡ ಮಲಗಿಸಿ, ಕುತ್ತಿಗೆ ತುಸು ಮೇಲೆದ್ದಿರಲಿ. ಆಧಾರದ ಕೋಲು ಗಡ್ಡೆಗಿಂತ ಮೊದಲು ನೆಲಕ್ಕೆ ಹೋಗಬೇಕು. ನಾಲ್ಕೈದು ಅಡಿಯ ಅಡಿಕೆ ದಬ್ಬೆ ಇದಕ್ಕೆ ಅತಿ ಒಳ್ಳೆಯದು. ಜುಲೈ ಗಾಳಿಗೆ ಗಿಡ ಬಾಗಿದ ಮೇಲೆ ದಬ್ಬೆ ಹೊಡೆಯಲು ಹೋದರೆ ಅದರ ಮೊನೆ ಸೀದಾ ಗೊಂಚಲನ್ನೇ ಚುಚ್ಚುತ್ತದೆ, ಕೊಳೆ ಆ ಗಾಯದಿಂದಲೇ ಶುರು.

ಕುಂಡವಾದರೆ ಹನ್ನೆರಡು ಇಂಚಿನದು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹೊಳೆಯ ದಪ್ಪ ಮರಳು, ಒಂದು ಪಾಲು ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ, ಕುಂಡಕ್ಕೆ ತಲಾ 50 ಗ್ರಾಂ ಬೇವಿನ ಹಿಂಡಿ ಮತ್ತು ಎಲುಬಿನ ಪುಡಿ. ಗೊಬ್ಬರ ಹಸಿಯಾಗಿದ್ದರೆ ಬೇರುಹುಳ ಜೊತೆಗೇ ಬರುತ್ತದೆ, ಅಡಿಕೆ ತೋಟದವರಿಗೆ ಅದನ್ನು ಪರಿಚಯಿಸಬೇಕಿಲ್ಲ. ಕುಂಡದ ತಳಕ್ಕೆ ಜಲ್ಲಿ ತುಂಬುವ ರೂಢಿ ಅನೇಕರಲ್ಲಿದೆ. ಅದರಿಂದ ನೀರು ಬೇಗ ಇಳಿಯುವುದಿಲ್ಲ. ಸಣ್ಣ ಕಣದ ಮಣ್ಣು ನೀರು ತುಂಬಿ ತೊಟ್ಟಿಕ್ಕುವ ತನಕ ಅದನ್ನು ಜಲ್ಲಿಗೆ ಬಿಟ್ಟುಕೊಡುವುದಿಲ್ಲ, ಒದ್ದೆ ಪದರ ಮೇಲಕ್ಕೆ ಸರಿದು ಗಡ್ಡೆಗೆ ಇನ್ನೂ ಹತ್ತಿರವಾಗುತ್ತದೆ. ತೂತಿನ ಮೇಲೆ ಬೋರಲು ಹಾಕಿದ ಒಂದು ಹಂಚಿನ ಚೂರು ಸಾಕು. ಅದಕ್ಕಿಂತ ಮುಖ್ಯ, ಕುಂಡವನ್ನು ಅಂಗಳದ ನೆಲಕ್ಕೆ ನೇರ ಕೂರಿಸದೆ ಎರಡು ಚಿರೆಕಲ್ಲಿನ ತುಂಡಿನ ಮೇಲೆ ಇಡಿ. ಪಾಚಿಗಟ್ಟಿದ ಅಂಗಳಕ್ಕೆ ಅಂಟಿ ಕೂತ ಕುಂಡದ ತೂತು ಮುಚ್ಚಿದಂತೆಯೇ.

ಪ್ಲಾಸ್ಟಿಕ್ ಕೊಟ್ಟೆಯಲ್ಲಿ (ಚೀಲದಲ್ಲಿ) ಚಿಗುರಿದ ಗಿಡ ಒಯ್ಯುವವರು ಅದರ ಮಣ್ಣು ಮುಟ್ಟಿ ನೋಡಿ. ಹೊರಗಿನಿಂದ ಬರುವ ಗಿಡಗಳು ಬಹಳಷ್ಟು ಬರೀ ತೆಂಗಿನ ನಾರಿನ ಪುಡಿಯಲ್ಲಿ ಇರುತ್ತವೆ. ಬಯಲುಸೀಮೆಯ ಬಿಸಿಲಿಗೆ ಅದು ಸರಿ. ಇಲ್ಲಿ ಅದು ಸ್ಪಂಜಿನ ಹಾಗೆ ಮೂರು ತಿಂಗಳು ಒದ್ದೆಯಾಗಿಯೇ ಕೂರುತ್ತದೆ. ನೆಡುವಾಗ ಹೊರ ಪದರವನ್ನು ಬೆರಳಲ್ಲಿ ಸಡಿಲಿಸಿ ಆದಷ್ಟು ಉದುರಿಸಿ.

ನೆಟ್ಟ ಮೇಲೆ ಚಿಗುರು ಮಣ್ಣಿನಿಂದ ಹೊರಬರುವ ತನಕ ನೀರು ಹಾಕಬಾರದು. ಗಡ್ಡೆಯೊಳಗಿನ ತೇವವೇ ಚಿಗುರಿಗೆ ಸಾಕು, ನೀರು ಹೀರಲು ಆಗಿನ್ನೂ ಬೇರಿರುವುದಿಲ್ಲ. ಮೇ ಕೊನೆಯಲ್ಲಿ ನೆಟ್ಟರೆ ಮೂರು ವಾರದೊಳಗೆ ಚಿಗುರು, ಆಗಸ್ಟ್ ಕೊನೆಯ ಹೊತ್ತಿಗೆ ಹೂವು. ಚೌತಿಗೆ ಹೂವಾಗಬೇಕೆನ್ನುವವರು ಹಬ್ಬದಿಂದ ಹಿಂದಕ್ಕೆ 90 ದಿನ ಎಣಿಸಿ ನೆಡಬೇಕು.

ಗಿಡ ಒಂದಡಿಯಾಗಿ ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟುವುದು ಎಲ್ಲರಿಗೂ ಗೊತ್ತು. ಆದರೆ ಆ ಹೊತ್ತು ಮೀರಿಸುವುದರಲ್ಲೇ ತಪ್ಪಾಗುತ್ತದೆ. ಎಳೆಯ ತುದಿ ಒಳಗೆ ತುಂಬಿಕೊಂಡಿರುತ್ತದೆ, ಉಗುರಲ್ಲಿ ಚಿವುಟಿದರೆ ಗಾಯ ಬೇಗ ಮುಚ್ಚುತ್ತದೆ. ಎರಡು ವಾರ ತಡವಾದರೆ ಕಾಂಡ ವಾಟೆ ಬಿದಿರಿನ ಹಾಗೆ ಪೊಳ್ಳಾಗಿರುತ್ತದೆ. ಆಗ ಗೆಣ್ಣಿನ ನಡುವೆ ಕತ್ತರಿಸಿದರೆ ಅದು ಆಕಾಶಕ್ಕೆ ಬಾಯ್ದೆರೆದ ಕೊಳವೆ. ಮಳೆನೀರು ಅದರಲ್ಲಿ ನಿಂತು ಗೆಣ್ಣು ಕೊಳೆತು, ಕೊಳೆ ಒಂದೊಂದೇ ಗೆಣ್ಣು ಇಳಿದು ಕುತ್ತಿಗೆ ಮುಟ್ಟುತ್ತದೆ. ಹೊರಗಿನಿಂದ ಗಿಡ ಚೆನ್ನಾಗಿಯೇ ಕಾಣುತ್ತಿದ್ದು ಒಂದು ಬೆಳಿಗ್ಗೆ ಜೋಲುಬಿದ್ದರೆ ಕಾರಣ ಹೆಚ್ಚಾಗಿ ಇದೇ. ದಪ್ಪ ಕಾಂಡ ಕತ್ತರಿಸಲೇಬೇಕಾಗಿ ಬಂದರೆ ಗೆಣ್ಣಿಗೆ ಒತ್ತಿ, ಓರೆಯಾಗಿ ಕತ್ತರಿಸಿ, ನೀರು ನಿಲ್ಲಲು ಬಟ್ಟಲೇ ಇರಬಾರದು.

ಬುಡಕ್ಕೆ ದರಕು (ಒಣ ಎಲೆ) ಮುಚ್ಚುವುದು ಒಳ್ಳೆಯದೇ, ಆದರೆ ಕಾಂಡದಿಂದ ನಾಲ್ಕು ಬೆರಳು ದೂರ. ಅಂಟಿಸಿ ಹಾಕಿದರೆ ಕುತ್ತಿಗೆ ಒದ್ದೆ, ಬಸವನಹುಳುಗಳಿಗೆ ಮನೆ. ಜೂನ್‌ನ ಎಳೆ ಚಿಗುರನ್ನು ಅವು ಒಂದೇ ರಾತ್ರಿಯಲ್ಲಿ ನೆಲಸಮ ಮಾಡುತ್ತವೆ, "ಗಡ್ಡೆ ಚಿಗುರಲೇ ಇಲ್ಲ" ಎಂದು ನಾವು ತಿಳಿಯುತ್ತೇವೆ. ಬೂದಿಯ ಬೇಲಿ ನಮ್ಮ ಮಳೆಗೆ ಒಂದು ಗಂಟೆಯೂ ನಿಲ್ಲದು. ರಾತ್ರಿ ಎಂಟರ ನಂತರ ಬ್ಯಾಟರಿ ಹಿಡಿದು ಆರಿಸಿ ಉಪ್ಪುನೀರಿಗೆ ಹಾಕುವುದೇ ಖಾತ್ರಿಯ ದಾರಿ. ಮೆಟಾಲ್ಡಿಹೈಡ್ ಗುಳಿಗೆ ಬಳಸುವವರು ತೂತು ಮಾಡಿದ ಗರಟೆಯ ಅಡಿಯಲ್ಲಿಡಿ. ಮಳೆಗೆ ಕರಗಬಾರದು, ಮುಖ್ಯವಾಗಿ ನಾಯಿಗೆ ಸಿಗಬಾರದು, ಅದು ನಾಯಿಯ ಜೀವ ತೆಗೆಯುವ ವಿಷ.

ಗೊಬ್ಬರ ಕಡಿಮೆಯಿರಲಿ. ಯೂರಿಯಾ ಬೇಡವೇ ಬೇಡ. ಎಲೆ ಕಪ್ಪು ಹಸಿರಾಗಿ, ಕಾಂಡ ನೀರುಗಾಯಿಯಂತೆ ಉಬ್ಬಿ ಗಾಳಿಗೆ ಮುರಿಯುತ್ತದೆ, ಆ ಗಿಡದ ಗಡ್ಡೆ ಚಳಿಗಾಲ ತಡೆಯುವುದಿಲ್ಲ. ಮೊಗ್ಗು ಕಾಣುವಾಗ ಗಿಡಕ್ಕೆ 5 ಗ್ರಾಂ ಸಲ್ಫೇಟ್ ಆಫ್ ಪೊಟ್ಯಾಶ್, ಮೂರು ವಾರದ ನಂತರ ಇನ್ನೊಮ್ಮೆ. ಒಮ್ಮೆಲೇ ಹೆಚ್ಚು ಕೊಟ್ಟರೆ ಮಳೆ ತೊಳೆದುಕೊಂಡು ಹೋಗುತ್ತದೆ.

ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ತಯಾರಿಸುವ ದಿನ ಉಳಿದದ್ದನ್ನೇ ಡೇರೆಗೂ ಹೊಡೆಯುವವರಿದ್ದಾರೆ. ಅಡಿಕೆಗೆ ಬಳಸುವ ಶೇಕಡಾ 1ರ ದ್ರಾವಣ ಎಳೆ ಎಲೆಯನ್ನು ಸುಡಬಹುದು. ಅಷ್ಟೇ ನೀರು ಬೆರೆಸಿ ಅರ್ಧಕ್ಕೆ ಇಳಿಸಿ, ಮಾಡಿದ ದಿನವೇ ಬಳಸಿ. ಬುಡದಲ್ಲಿ ಕೊಳೆಯ ಅನುಮಾನ ಬಂದರೆ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಕದಡಿ ಗಿಡಕ್ಕೆ ಅರ್ಧ ಲೀಟರ್ ಬುಡಕ್ಕೆ ಹೊಯ್ಯಬಹುದು. ಗಡ್ಡೆ ಆಗಲೇ ನಾರುತ್ತಿದ್ದರೆ ಯಾವ ಔಷಧವೂ ಕೆಲಸ ಮಾಡದು, ಕಿತ್ತು ದೂರ ಹಾಕಿ. ಎಲೆಯ ನರದ ಗುಂಟ ಹಳದಿ ಗೆರೆ ಎದ್ದು ಗಿಡ ಗಿಡ್ಡಗೆ ಮುರುಟಿದರೆ ಅದು ನಂಜು. ಬಣ್ಣ ಎಷ್ಟೇ ಅಪರೂಪದ್ದಾದರೂ ಸುಟ್ಟುಬಿಡಿ, ಗಡ್ಡೆ ಕೊಟ್ಟ ಮನೆಗೆಲ್ಲ ಆ ರೋಗ ಕೊಟ್ಟಂತೆ.

ಹೂವಿನ ಮಾತು. ಕೊಂಬೆಯ ತುದಿಗೆ ಮೂರು ಮೊಗ್ಗು ಬರುತ್ತವೆ. ಬದಿಯ ಎರಡನ್ನು ಬಟಾಣಿ ಕಾಳಿನಷ್ಟಿರುವಾಗಲೇ ತೆಗೆದರೆ ನಡುವಿನದು ತಟ್ಟೆಯಗಲ ಅರಳುತ್ತದೆ. ಆದರೆ ಆಗಸ್ಟ್ ಮಳೆಗೆ ತಟ್ಟೆಯಗಲದ ಹೂವು ನೀರು ತುಂಬಿಕೊಂಡು ಕತ್ತು ಮುರಿಯುತ್ತದೆ, ಮೇಲೆ ಪಾರದರ್ಶಕ ಹಾಳೆಯ ಮಾಡು ಇದ್ದರಷ್ಟೇ ಅದರ ಆಸೆ ಸರಿ. ನೆರಳು ಬಲೆ ಮಳೆ ತಡೆಯುವುದಿಲ್ಲ, ಇರುವ ಅಲ್ಪ ಬೆಳಕನ್ನೂ ಕದಿಯುತ್ತದೆ. ಬಯಲಲ್ಲಿ ಬೆಳೆಸುವವರಿಗೆ ನಮ್ಮ ಸಲಹೆ ಚೆಂಡಿನಂತೆ ಗುಂಡಗಿನ ಸಣ್ಣ ಜಾತಿಗಳು. ಅಂಥ ಒಂದನ್ನು ಕೈಯಲ್ಲಿ ಹಿಡಿದು ನೋಡಿ. ನಾವು ಪಕಳೆ ಎನ್ನುವ ಒಂದೊಂದೂ ಒಂದೊಂದು ಪುಟ್ಟ ಹೂವು. ಅಂಚು ಒಳಕ್ಕೆ ಸುರುಳಿಯಾಗಿ ಜೇನುಗೂಡಿನ ಕೋಣೆಗಳಂತೆ ಸಾಲುಗಟ್ಟಿರುತ್ತವೆ, ನಡುವಿನವು ಇನ್ನೂ ಹಸಿರು ಮುಚ್ಚಿಕೊಂಡಿರುವಾಗಲೇ ಹೊರಸುತ್ತು ಪೂರ್ತಿ ಬಣ್ಣಕ್ಕೆ ಬಂದಿರುತ್ತದೆ. ಮಳೆಹನಿ ಆ ಸುರುಳಿಗಳ ಮೇಲೆ ಉರುಳಿ ಹೊರಗೆ ಬೀಳುವುದನ್ನು ನೋಡಿದರೆ ಅದು ಹೇಗೆ ಬಾಳುತ್ತದೆಂದು ಅರ್ಥವಾಗುತ್ತದೆ.

ಮುಡಿಗಾಗಲಿ ದೇವರಿಗಾಗಲಿ ಕೊಯ್ಯುವಾಗ ಹೂವನ್ನು ಹಿಂದೆ ತಿರುಗಿಸಿ ನೋಡಿ. ಕೊನೆಯ ಸುತ್ತಿನ ಪಕಳೆ ಗರಿಗರಿಯಾಗಿದ್ದರೆ ಸರಿಯಾದ ಹದ, ಮೆತ್ತಗಾಗಿದ್ದರೆ ನಾಳೆ ಉದುರುತ್ತದೆ. ಮೊಗ್ಗನ್ನು ಕೊಯ್ದು ನೀರಲ್ಲಿಟ್ಟರೆ ಡೇರೆ ಅರಳುವುದಿಲ್ಲ.

ಹೂವು ಮುಗಿಯಿತೆಂದು ಅಕ್ಟೋಬರಿನಲ್ಲಿ ಗಿಡ ಕಡಿಯುವುದು ಬಲು ದೊಡ್ಡ ನಷ್ಟ. ಹಗಲು 12 ಗಂಟೆಗಿಂತ ಚಿಕ್ಕದಾದ ಮೇಲೆಯೇ ಡೇರೆ ಗಡ್ಡೆಗೆ ಆಹಾರ ತುಂಬುವುದು, ನಮ್ಮಲ್ಲಿ ಅದು ಸೆಪ್ಟೆಂಬರ್ ಕೊನೆಯಿಂದ ಮುಂದೆ. ಇಬ್ಬನಿ ಶುರುವಾಗಿ ಎಲೆಗೆ ಬೂದಿ ರೋಗ ಬಂದರೆ ಲೀಟರಿಗೆ 2 ಗ್ರಾಂ ನೀರಲ್ಲಿ ಕರಗುವ ಗಂಧಕ ಸಂಜೆ ಹೊಡೆದು ಎಲೆ ಉಳಿಸಿಕೊಳ್ಳಿ, ಡಿಸೆಂಬರ್ ತನಕ ಆ ಎಲೆಗಳೇ ಮುಂದಿನ ವರ್ಷದ ಗಿಡ. ಗಿಡ ತಾನಾಗಿ ಹಳದಿಯಾದ ಮೇಲೆ ಕಾಂಡವನ್ನು ಐದು ಇಂಚು ಬಿಟ್ಟು ಕತ್ತರಿಸಿ, ಒಂದಡಿ ದೂರದಿಂದ ಸುತ್ತಲೂ ಪಿಕಾಸಿ ಹಾಕಿ ಅಡಿಯಿಂದ ಎತ್ತಿ. ಕಾಂಡ ಹಿಡಿದು ಎಳೆದರೆ ಗೊಂಚಲು ಬರುತ್ತದೆ, ಕುತ್ತಿಗೆಗಳು ಒಳಗೇ ಮುರಿದಿರುತ್ತವೆ.

ಪೊಳ್ಳು ಕಾಂಡದೊಳಗಿನ ನೀರು ಸೋರಿಹೋಗುವಂತೆ ಗೊಂಚಲನ್ನು ತಲೆಕೆಳಗಾಗಿ ನಾಲ್ಕು ದಿನ ಜಗಲಿಯ ನೆರಳಲ್ಲಿಡಿ. ಬಣ್ಣ ಬರೆದ ಚೀಟಿ ಕಾಂಡಕ್ಕೆ ಕಟ್ಟಿ. ಬುಟ್ಟಿಯಲ್ಲಿ ಒಣ ಮರಳು ಅಥವಾ ಮರದ ಪುಡಿ ಹಾಕಿ, ಗೊಂಚಲು ಒಂದಕ್ಕೊಂದು ತಾಗದಂತೆ ಇಟ್ಟು, ತಂಪು ಮೂಲೆಗೆ ಸೇರಿಸಿ. ಒಲೆಯ ಮೇಲಿನ ಅಟ್ಟದಲ್ಲಿ ಅವು ಬತ್ತುತ್ತವೆ, ಬಾಯಿ ಕಟ್ಟಿದ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಬೆವತು ಕೊಳೆಯುತ್ತವೆ. ಕುಂಡದಲ್ಲಿರುವವಕ್ಕೆ ಇಷ್ಟು ಕಷ್ಟ ಬೇಡ, ನೀರು ನಿಲ್ಲಿಸಿ ಕುಂಡವನ್ನೇ ಮಾಡಿನಡಿ ಸರಿಸಿದರಾಯಿತು.

ಕಾರವಾರ, ಅಂಕೋಲಾ, ಕುಮಟಾದ ಕಡೆಯವರು ಈ ಲೆಕ್ಕವನ್ನು ಹಾಗೇ ಪಾಲಿಸಬೇಡಿ. ಕರಾವಳಿಯಲ್ಲಿ ರಾತ್ರಿಯೂ ಸೆಕೆ, ಮಳೆ ಇನ್ನೂ ಜೋರು. ಅಲ್ಲಿ ಗಡ್ಡೆಯನ್ನು ಒಣ ಮರಳಲ್ಲೇ ಹಿಡಿದಿಟ್ಟು ಆಗಸ್ಟ್ ಕೊನೆಗೆ ಕುಂಡಕ್ಕೆ ಹಾಕಿದರೆ ನವೆಂಬರ್, ಡಿಸೆಂಬರಿನ ತಂಪಿಗೆ ಹೂವು ಸಿಗುತ್ತದೆ, ಗಾತ್ರ ಘಟ್ಟದ ಮೇಲಿನಷ್ಟು ಬಾರದು. ಉಪ್ಪುಗಾಳಿ ನೇರ ಬೀಸುವ ಅಂಗಳವಾದರೆ ಕುಂಡವನ್ನು ಮನೆಯ ಮೂಡಣ ಬದಿಗೆ ಇಡಿ, ಬೆಳಗಿನ ಬಿಸಿಲು ಸಿಗುತ್ತದೆ, ಕಡಲಗಾಳಿಗೆ ಗೋಡೆ ಅಡ್ಡವಾಗುತ್ತದೆ.

ಇಟ್ಟ ಬುಟ್ಟಿಯನ್ನು ತಿಂಗಳಿಗೊಮ್ಮೆ ಬಿಚ್ಚಿ ನೋಡಿ. ಗಡ್ಡೆ ಸುಕ್ಕುಗಟ್ಟಿದ್ದರೆ ಮರಳಿಗೆ ಒಂದು ಬೊಗಸೆ ನೀರು ಚಿಮುಕಿಸಿ. ತುದಿ ಮೆತ್ತಗಾಗಿದ್ದರೆ ಗಟ್ಟಿ ಭಾಗದ ತನಕ ಕತ್ತರಿಸಿ ಬೂದಿ ಹಚ್ಚಿ, ಮೇಲಿನ ಅರ್ಧ ಉಳಿದರೂ ಗಿಡವಾಗುತ್ತದೆ. ಮೆತ್ತಗಾದದ್ದು ಕುತ್ತಿಗೆಯಾದರೆ ಮಾತ್ರ ಆ ಗಡ್ಡೆಯನ್ನು ತೆಗೆದುಬಿಡಿ, ಪಕ್ಕದ್ದಕ್ಕೆ ತಾಗುವ ಮೊದಲು.