ಮಸಲ್ ಬೆಳೆಸಿದ್ರೆ ಮಲಗಿದಲ್ಲೇ ಕೊಬ್ಬು ಕರಗುತ್ತಾ?

ಜಿಮ್‌ಗೆ ಹೋಗೋ ಗಂಡಸರ ಬಾಯಲ್ಲಿ ಈ ಮಾತು ಕಾಯಂ, ಮಸಲ್ ಬೆಳೆಸ್ಕೊಂಡ್ರೆ ಸಾಕು ಗುರು, ಸುಮ್ನೆ ಬಿದ್ಕೊಂಡಿದ್ರೂ ಕ್ಯಾಲರಿ ಬರ್ನ್ ಆಗ್ತಾನೇ ಇರುತ್ತೆ ಅಂತ. ಪೂರ್ತಿ ಸುಳ್ಳೇನಲ್ಲ, ಆದ್ರೆ ಲೆಕ್ಕ ಹಾಕಿದ್ರೆ ಕೈಗೆ ಸಿಗೋದು ಚಿಲ್ಲರೆ.

ಉಸಿರಾಟ, ಹೃದಯದ ಬಡಿತ, ಮೆದುಳಿನ ಕೆಲಸ ಇದಕ್ಕೆಲ್ಲ ನಾವು ಅಲುಗಾಡದೇ ಇದ್ರೂ ಖರ್ಚಾಗೋ ಎನರ್ಜಿನೇ ರೆಸ್ಟಿಂಗ್ ಮೆಟಬಾಲಿಕ್ ರೇಟ್, ಅಂದ್ರೆ ಆರ್‌ಎಂಆರ್. ಕೂತು ಕೆಲಸ ಮಾಡೋರಲ್ಲಿ ದಿನದ ಖರ್ಚಿನ 60ರಿಂದ 70 ಪರ್ಸೆಂಟ್ ಇದೇ. ಈಗ ನೋಡಿ, ಒಂದು ಕೆಜಿ ಮಸಲ್ ಸುಮ್ನಿದ್ದಾಗ ದಿನಕ್ಕೆ ಸುಡೋದು ಸುಮಾರು 13 ಕ್ಯಾಲರಿ, ಕೊಬ್ಬು 4.5. ಅದೇ ಲಿವರ್ ಕೆಜಿಗೆ 200, ಮೆದುಳು 240, ಹೃದಯ ಮತ್ತೆ ಕಿಡ್ನಿ 440ರ ಹತ್ರ! ವರ್ಷಗಟ್ಟಲೆ ಬೆವರು ಸುರಿಸಿ 4 ಕೆಜಿ ಮಸಲ್ ಕಟ್ಟಿದ್ರೂ ಆರ್‌ಎಂಆರ್ ಏರೋದು 50 ಕ್ಯಾಲರಿ ಆಸುಪಾಸು, ಅರ್ಧ ಗಂಟೆ ಜೋರಾಗಿ ನಡೆದ್ರೆ ಇದರ ಎರಡು ಪಟ್ಟಿಗಿಂತ ಜಾಸ್ತಿನೇ ಹೋಗುತ್ತೆ.

ಹಂಗಂತ ಬಾಡಿ ಕಂಪೋಸಿಷನ್, ಅಂದ್ರೆ ಮೈಯಲ್ಲಿ ಕೊಬ್ಬೆಷ್ಟು ಉಳಿದಿದ್ದೆಷ್ಟು ಅನ್ನೋದು, ಲೆಕ್ಕಕ್ಕೇ ಇಲ್ಲ ಅಂತಲ್ಲ. 80 ಕೆಜಿ ತೂಕ, 175 ಸೆಂಟಿಮೀಟರ್ ಎತ್ತರ, 30 ವಯಸ್ಸಿನ ಇಬ್ರು ಗಂಡಸರನ್ನ ತಗೊಳ್ಳಿ, ಒಬ್ರಿಗೆ 15 ಪರ್ಸೆಂಟ್ ಕೊಬ್ಬು, ಇನ್ನೊಬ್ರಿಗೆ 30. ಆರ್‌ಎಂಆರ್ ಅಂದಾಜು ಮಾಡೋ 1990ರ ಮಿಫ್ಲಿನ್ ಸೇಂಟ್ ಜಿಯೋರ್ ಫಾರ್ಮುಲಾ ಇಬ್ರಿಗೂ ಒಂದೇ ಉತ್ತರ ಕೊಡುತ್ತೆ, ದಿನಕ್ಕೆ 1749 ಕ್ಯಾಲರಿ, ಯಾಕಂದ್ರೆ ಅದು ಕೊಬ್ಬಿನ ಬಗ್ಗೆ ಕೇಳೋದೇ ಇಲ್ಲ. ಕೊಬ್ಬು ಬಿಟ್ಟು ಉಳಿದ ತೂಕವನ್ನಷ್ಟೇ ನೋಡೋ ಕನಿಂಗ್‌ಹ್ಯಾಮ್ ಫಾರ್ಮುಲಾದಲ್ಲಿ ಮೊದಲನೆಯವ್ರಿಗೆ 1996, ಎರಡನೆಯವ್ರಿಗೆ 1732. ಈ 264ರ ವ್ಯತ್ಯಾಸ ಬರೀ ಮಸಲ್‌ದು ಅಂತ ಓದ್ಕೋಬೇಡಿ, ಕೊಬ್ಬಲ್ಲದ ತೂಕದಲ್ಲಿ ಲಿವರ್, ಕಿಡ್ನಿ ಎಲ್ಲಾ ಸೇರಿರುತ್ತೆ.

ನನ್ನ ಪ್ರಕಾರ ವೇಟ್ ಎತ್ತೋದ್ರ ನಿಜವಾದ ಲಾಭ ಇರೋದು ತೂಕ ಇಳಿಸೋವಾಗ. ಬರೀ ಊಟ ಕಮ್ಮಿ ಮಾಡಿದ್ರೆ ಕೊಬ್ಬಿನ ಜೊತೆ ಮಸಲೂ ಹೋಗುತ್ತೆ, ಸಾಲದ್ದಕ್ಕೆ ಕಳ್ಕೊಂಡ ತೂಕದ ಲೆಕ್ಕಕ್ಕಿಂತ ಜಾಸ್ತಿನೇ ದೇಹ ಖರ್ಚು ಕಮ್ಮಿ ಮಾಡ್ಕೊಳ್ಳುತ್ತೆ. 1944-45ರಲ್ಲಿ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಮಿನೆಸೋಟಾದಲ್ಲಿ 36 ಗಂಡಸರನ್ನ ಅರೆಹೊಟ್ಟೇಲಿ ಇಟ್ಟು ನೋಡಿದಾಗ ಅವರ ಬೇಸಲ್ ಮೆಟಬಾಲಿಸಂ (ಹೆಚ್ಚುಕಮ್ಮಿ ಆರ್‌ಎಂಆರ್ ಥರದ್ದೇ) ಹತ್ತಿರ ಹತ್ತಿರ 40 ಪರ್ಸೆಂಟ್ ಬಿದ್ದಿತ್ತು. ಅದು ಅತಿರೇಕದ ಕೇಸ್ ಬಿಡಿ, ಆದ್ರೆ ಕ್ರ್ಯಾಶ್ ಡಯಟ್ ಮಾಡೋರು ಹೋಗೋದು ಅದೇ ದಿಕ್ಕಿಗೆ. ಸಾಕಷ್ಟು ಪ್ರೋಟೀನ್ ತಿಂದು ವೇಟ್ ಎತ್ತಿದ್ರೆ ಮಸಲ್ ಬಹುಪಾಲು ಉಳಿಯುತ್ತೆ.

ಇನ್ನು 30 ದಾಟಿದ್ಮೇಲೆ ಮೆಟಬಾಲಿಸಂ ಸತ್ತೋಯ್ತು ಅನ್ನೋರಿಗೆ, 2021ರಲ್ಲಿ ಸೈನ್ಸ್ ಪತ್ರಿಕೇಲಿ ಬಂದ ದೊಡ್ಡ ಸ್ಟಡಿ ಪ್ರಕಾರ ದೇಹದ ಗಾತ್ರ, ಕೊಬ್ಬಿನ ಲೆಕ್ಕ ತೆಗೆದು ನೋಡಿದ್ರೆ 20ರಿಂದ 60ರ ತನಕ ಅದು ಹೆಚ್ಚುಕಮ್ಮಿ ಅಲ್ಲೇ ನಿಂತಿರುತ್ತೆ. ಹೊಟ್ಟೆ ಬಂದಿದ್ದಕ್ಕೆ ಬೇರೆ ಕಾರಣ ಹುಡುಕ್ಬೇಕು.